ಮೊದಲು ಹಟ್, ಆಮೇಲೆ ಹಾದಿ: ಎರಡು ದಿನದ ಮೌಂಟನ್ ಸೈಕಲ್ ಪ್ರವಾಸದ ಸೂತ್ರಗಳು

ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಪಶ್ಚಿಮ ಕರಾವಳಿಯಲ್ಲಿ ಓಲ್ಡ್ ಘೋಸ್ಟ್ ರೋಡ್ ಎಂಬ 85 ಕಿ.ಮೀ. ಉದ್ದದ ಕಾಡುದಾರಿ ಇದೆ. ಬುಲ್ಲರ್ ನದಿಯ ಕಣಿವೆಯಲ್ಲಿ ಲಾಯೆಲ್ ಎಂಬ ಊರಿತ್ತು. ಚಿನ್ನದ ಆಸೆಗೆ ಬೆಳೆದು, ಚಿನ್ನ ತೀರಿದ ಮೇಲೆ ಪಾಳುಬಿದ್ದ ಊರು. ಹಾದಿ ಅಲ್ಲಿಂದ ಹೊರಟು, ಬೆಟ್ಟದ ನೆತ್ತಿ ದಾಟಿ, ಮೋಕಿಹಿನುಯಿ ನದಿಯ ಗುಂಟ ಸೆಡನ್‌ವಿಲ್‌ಗೆ ಇಳಿಯುತ್ತದೆ. 19ನೇ ಶತಮಾನದ ಗಣಿಗಾರರು ಎರಡೂ ಕಡೆಯಿಂದ ಗಾಡಿದಾರಿ ಕಡಿಯುತ್ತ ಬಂದು ನಡುವೆಯೇ ಕೈಬಿಟ್ಟಿದ್ದರು. ಅರ್ಧಕ್ಕೆ ನಿಂತ ಆ ಕೆಲಸವನ್ನು ಮೋಕಿಹಿನುಯಿ-ಲಾಯೆಲ್ ಬ್ಯಾಕ್‌ಕಂಟ್ರಿ ಟ್ರಸ್ಟ್ ಕೈಗೆತ್ತಿಕೊಂಡು, 2015ರ ಡಿಸೆಂಬರಿನಲ್ಲಿ ಪೂರ್ತಿ ಹಾದಿಯನ್ನು ತೆರೆಯಿತು. ದಾರಿಯುದ್ದಕ್ಕೂ ಹಟ್ ಎನ್ನುವ ತಂಗುಮನೆಗಳಿವೆ. ಒಂದು ರಾತ್ರಿ ಅಲ್ಲಿ ಮಲಗಿ, ಎರಡು ದಿನದಲ್ಲಿ ಹಾದಿ ಮುಗಿಸುವವರು ಬಹಳ.

ಆಕ್ಲೆಂಡಿನಲ್ಲೋ ಸಿಡ್ನಿಯಲ್ಲೋ ನೆಲೆಸಿದ ಕನ್ನಡಿಗರಿಗೆ ಇದು ಕೈಗೆಟಕುವ ಕನಸು. ಬೆಂಗಳೂರಿನಿಂದ ಹೊರಡುವವರಿಗೆ ವರ್ಷದ ದೊಡ್ಡ ಪ್ರವಾಸ. ಇಬ್ಬರಿಗೂ ಹೊಂದುವ ಸೂತ್ರಗಳನ್ನು ಇಲ್ಲಿ ಕೊಟ್ಟಿದ್ದೇನೆ. ಊರು ಬೇರೆಯಾದರೂ, ನಡುವೆ ಒಂದು ರಾತ್ರಿಯ ತಂಗುಮನೆ ಇರುವ ಯಾವ ಸೈಕಲ್ ಪ್ರವಾಸಕ್ಕೂ ಇವುಗಳಲ್ಲಿ ಹೆಚ್ಚಿನವು ಹೊಂದುತ್ತವೆ.

1. ಲೆಕ್ಕವನ್ನು ಹಟ್‌ನಿಂದ ಹಿಂದಕ್ಕೆ ಹಾಕಿ

ಬಹುಪಾಲು ಜನ ಮೊದಲು ವಿಮಾನದ ಟಿಕೆಟ್ ತೆಗೆಯುತ್ತಾರೆ, ಆಮೇಲೆ ಸೈಕಲ್ ನೋಡುತ್ತಾರೆ, ಕೊನೆಗೆ ಹಟ್ ಹುಡುಕುತ್ತಾರೆ. ಕ್ರಮ ತಿರುಗಿಸಿ. ಹಟ್‌ನಲ್ಲಿ ಹಾಸಿಗೆಗಳ ಸಂಖ್ಯೆ ಸೀಮಿತ. ಮುಂಗಡ ಕಾಯ್ದಿರಿಸದೆ ಹೋಗುವಂತಿಲ್ಲ. ನಡೆದು ಬರುವ ಚಾರಣಿಗರೂ ಅದೇ ಹಾಸಿಗೆಗಳಿಗೆ ಬುಕ್ ಮಾಡುತ್ತಾರೆ. ಆದ್ದರಿಂದ ಹಟ್ ಸಿಕ್ಕ ದಿನವೇ ನಿಮ್ಮ ಪ್ರವಾಸದ ದಿನ.

ದಿನ ಗೊತ್ತಾದ ಮೇಲೆ ಗಂಟೆಯ ಲೆಕ್ಕವೂ ಅಲ್ಲಿಂದಲೇ. ಸಂಜೆ ನಾಲ್ಕಕ್ಕೆ ಹಟ್ ಸೇರಬೇಕು ಎಂದುಕೊಳ್ಳಿ. ಏರುದಾರಿಯಲ್ಲಿ ಹೊರೆ ಹೊತ್ತ ಸೈಕಲ್ ಗಂಟೆಗೆ ಆರೇಳು ಕಿ.ಮೀ. ಹೋದರೆ ಹೆಚ್ಚು. 30 ಕಿ.ಮೀ.ಗೆ ಐದು ಗಂಟೆ, ಊಟಕ್ಕೂ ಉಸಿರಿಗೂ ಒಂದೂವರೆ ಗಂಟೆ. ಅಂದರೆ ಬೆಳಗ್ಗೆ ಒಂಬತ್ತೂವರೆಯ ಒಳಗೆ ಪೆಡಲ್ ತುಳಿಯಬೇಕು. ಹಾಗಿದ್ದರೆ ಹಿಂದಿನ ರಾತ್ರಿ ಹತ್ತಿರದ ಊರುಗಳಾದ ವೆಸ್ಟ್‌ಪೋರ್ಟ್‌ನಲ್ಲೋ ಮರ್ಚಿಸನ್‌ನಲ್ಲೋ ಮಲಗಿರಬೇಕು. ಅದೇ ಬೆಳಗ್ಗೆ ನೆಲ್ಸನ್‌ಗೆ ವಿಮಾನದಲ್ಲಿ ಇಳಿದು, ಮಧ್ಯಾಹ್ನ ಸೈಕಲ್ ಹತ್ತುವ ಯೋಜನೆ ಅಲ್ಲಿಗೆ ಬಿದ್ದುಹೋಯಿತು. ಕಾಗದದ ಮೇಲೆ ಬೀಳುವುದು ಒಳ್ಳೆಯದು.

2. ಕಿಲೋಮೀಟರ್ ಸಮ ಮಾಡಬೇಡಿ, ಶ್ರಮ ಸಮ ಮಾಡಿ

ಇಡೀ ಯೋಜನೆಯಲ್ಲಿ ಹೆಚ್ಚು ಹೊತ್ತು ಕೂತು ಯೋಚಿಸಬೇಕಾದದ್ದು ಇದನ್ನೇ. ಲಾಯೆಲ್‌ನಿಂದ ಅಳೆದರೆ ಲಾಯೆಲ್ ಸ್ಯಾಡಲ್ ಹಟ್ 18 ಕಿ.ಮೀ., ಘೋಸ್ಟ್ ಲೇಕ್ ಹಟ್ 30, ಸ್ಟರ್ನ್ ವ್ಯಾಲಿ ಹಟ್ ಸುಮಾರು 43, ಸ್ಪೆಸಿಮನ್ ಪಾಯಿಂಟ್ ಹಟ್ 68ರ ಆಸುಪಾಸು. ನಕ್ಷೆ ನೋಡಿದವರ ಕಣ್ಣು ಸೀದಾ ಸ್ಟರ್ನ್ ವ್ಯಾಲಿಗೆ ಹೋಗುತ್ತದೆ. ಹಾದಿಯ ನಟ್ಟನಡುವೆ ಇದೆ, ದಿನಕ್ಕೆ ಅರ್ಧರ್ಧ ಎಂಬ ಸಮಾಧಾನ.

ಆದರೆ ನೆಲ ಬೇರೆ ಮಾತು ಹೇಳುತ್ತದೆ. ಲಾಯೆಲ್‌ನಿಂದ ಬೆಟ್ಟದ ನೆತ್ತಿಯವರೆಗೆ ಸಾವಿರ ಮೀಟರಿಗೂ ಮಿಕ್ಕಿದ ಏರು ಒಂದೇ ಸಮನೆ ಬರುತ್ತದೆ. ಘೋಸ್ಟ್ ಲೇಕ್ ದಾಟಿದ ಕೂಡಲೇ ಕಲ್ಲುಗಳ ನಡುವೆ ಬಿಗಿಯಾದ ತಿರುವುಗಳ ಇಳಿಜಾರು, ಮತ್ತೆ ಸ್ಕೈಲೈನ್ ಎಂಬ ಬೆಟ್ಟಸಾಲಿನ ನೆತ್ತಿಗೆ ಏರು. ಅಲ್ಲಿಂದ ಸೈಕಲನ್ನು ಕೈಯಲ್ಲಿ ಹಿಡಿದೋ ಹೆಗಲಿಗೇರಿಸಿಯೋ ಇಳಿಯಬೇಕಾದ ಉದ್ದನೆಯ ಮೆಟ್ಟಿಲ ಸಾಲು. ಇಷ್ಟನ್ನೂ ಮೊದಲ ದಿನದ ಸಂಜೆಗೆ, ಕಾಲು ಸೋತ ಹೊತ್ತಿಗೆ ಇಟ್ಟುಕೊಳ್ಳುವುದು ಬೇಡ. ಆಯಾಸದಲ್ಲಿ ಏರು ನಿಧಾನವಾಗುತ್ತದೆ, ಅಷ್ಟೇ. ಆಯಾಸದಲ್ಲಿ ಇಳಿಜಾರು ಬೀಳಿಸುತ್ತದೆ.

ನನ್ನ ಆಯ್ಕೆ ಘೋಸ್ಟ್ ಲೇಕ್. ಮೊದಲ ದಿನ 30, ಎರಡನೇ ದಿನ 55. ಅಂಕಿ ಓರೆಯಾಗಿ ಕಂಡರೂ ಶ್ರಮ ಸಮವಾಗುತ್ತದೆ, ಏಕೆಂದರೆ ಎರಡನೇ ದಿನದ ಒಟ್ಟು ಲೆಕ್ಕ ಇಳಿಕೆಯದು. ಜೊತೆಗೆ ನೆತ್ತಿಯ ಮೇಲಿನ ಹಾದಿಯನ್ನು ಮಧ್ಯಾಹ್ನದ ಬೆಳಕಿನಲ್ಲಿ ನಿಂತು ನೋಡಿಕೊಂಡು ಹೋಗಲು ಸಮಯ ಸಿಗುತ್ತದೆ. ಅಷ್ಟು ದೂರ ಹೋಗುವುದೇ ಅದಕ್ಕೆ.

3. ಹಾದಿಯ ದರ್ಜೆಯನ್ನು ನಂಬಿ

ಈ ಹಾದಿಯದು 4ನೇ ದರ್ಜೆ, ಪಳಗಿದ ಸವಾರರಿಗೆ ಮೀಸಲು. ಕೆಲವು ತುಂಡುಗಳು ಅದಕ್ಕಿಂತ ಕಷ್ಟ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ, ನಡುವೆ ಹ್ಯಾಂಡಲ್‌ಬಾರಿನಷ್ಟೇ ಅಗಲದ ದಾರಿ. ರಸ್ತೆಯ ಮೇಲೆ ನೂರು ಕಿ.ಮೀ. ತುಳಿಯುವ ಶಕ್ತಿ ಇದ್ದವರಿಗೂ ಈ ಕೌಶಲ ಬೇರೆಯಾಗಿ ಕಲಿಯಬೇಕಾದದ್ದು.

ಇನ್ನೂ ಆ ಮಟ್ಟ ಬಂದಿಲ್ಲವೇ? ಲಾಯೆಲ್‌ನಿಂದ ಲಾಯೆಲ್ ಸ್ಯಾಡಲ್ ಹಟ್‌ಗೆ 18 ಕಿ.ಮೀ. ಏರಿ, ರಾತ್ರಿ ತಂಗಿ, ಮರುದಿನ ಬಂದ ದಾರಿಯಲ್ಲೇ ಇಳಿದುಬನ್ನಿ. ಈ ತುಂಡು ಹಳೆಯ ಗಾಡಿದಾರಿಯ ಮೇಲೆಯೇ ಹೋಗುವುದರಿಂದ ಏರು ಮೆಲ್ಲಗಿದೆ. 1929ರ ಮರ್ಚಿಸನ್ ಭೂಕಂಪಕ್ಕೆ ಕುಸಿದ ಗುಡ್ಡದ ಗಾಯವೂ, ಗಣಿಗಾರರ ಕಾಲದ ಉಳಿಕೆಗಳೂ ಈ ದಾರಿಯಲ್ಲೇ ಸಿಗುತ್ತವೆ. ಇದನ್ನು ಅರ್ಧ ಪ್ರವಾಸ ಎಂದು ಯಾರೂ ಕೀಳಾಗಿ ನೋಡಬೇಕಿಲ್ಲ. ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಇದನ್ನೇ.

4. ಕಾಲ ನೋಡಿ ಹೊರಡಿ

ನಮ್ಮ ಚಳಿಗಾಲ ಅಲ್ಲಿ ಬೇಸಿಗೆ. ಡಿಸೆಂಬರ್ ಕೊನೆಯಿಂದ ಜನವರಿ ನಡುವಿನವರೆಗೆ ಅಲ್ಲಿನವರಿಗೆ ರಜೆ, ಹಟ್‌ಗಳು ಬೇಗ ತುಂಬುತ್ತವೆ. ಫೆಬ್ರುವರಿ, ಮಾರ್ಚ್ ಉತ್ತಮ: ಹಗಲು ಉದ್ದ, ಗದ್ದಲ ಕಡಿಮೆ. ಮಕ್ಕಳ ಬೇಸಿಗೆ ರಜೆ ನಂಬಿ ಏಪ್ರಿಲ್-ಮೇಗೆ ಇಟ್ಟುಕೊಂಡರೆ ಅಲ್ಲಿ ಶರತ್ಕಾಲ, ಬೆಳಕು ಬೇಗ ಹೋಗುತ್ತದೆ. ಮೇಲಿನ ಲೆಕ್ಕವನ್ನು ಆಗ ಇನ್ನೂ ಒಂದು ಗಂಟೆ ಮುಂಚೆಗೆ ಎಳೆಯಿರಿ.

ಬೇರೆ ಹಾದಿ ಆರಿಸಿದರೆ ಅದರ ನಿಯಮ ಓದಿ. ಅದೇ ಪ್ರದೇಶದ ಹೀಫಿ ಟ್ರ್ಯಾಕ್‌ನಲ್ಲಿ ಸೈಕಲ್‌ಗೆ ಅನುಮತಿ ಮೇ 1ರಿಂದ ನವೆಂಬರ್ 30ರವರೆಗೆ ಮಾತ್ರ, ಅಂದರೆ ಅವರ ಚಳಿಗಾಲ ಮತ್ತು ವಸಂತ. 55 ಕಿ.ಮೀ.ಯ ಪಪರೋವಾ ಟ್ರ್ಯಾಕ್ ಕೂಡ ಎರಡು ದಿನಕ್ಕೆ ಚೆನ್ನಾಗಿ ಹೊಂದುತ್ತದೆ.

5. ಎರಡು ದಿನ ಬೆನ್ನುಬೆನ್ನಿಗೆ ಅಭ್ಯಾಸ ಮಾಡಿ

ವಾರಕ್ಕೊಮ್ಮೆ ಭಾನುವಾರ ಬೆಳಗ್ಗೆ ನಂದಿ ಬೆಟ್ಟ ಹತ್ತಿ, ಇಡ್ಲಿ ತಿಂದು ಮನೆಗೆ ಬಂದರೆ ಒಂದು ದಿನದ ಶಕ್ತಿ ಬರುತ್ತದೆ. ನಿಮಗೆ ಬೇಕಾದದ್ದು ಎರಡನೇ ದಿನದ ಶಕ್ತಿ. ಶನಿವಾರ ಉದ್ದನೆಯ ಏರು, ಭಾನುವಾರ ಅದೇ ಕಾಲಿನಲ್ಲಿ ಮಣ್ಣಿನ ಹಾದಿಯ ಸವಾರಿ. ನಂದಿಯ ಏರು ಎಂಟು ಕಿ.ಮೀ. ಆಸುಪಾಸಿನಲ್ಲಿ ಮುಗಿಯುತ್ತದೆ. ಓಲ್ಡ್ ಘೋಸ್ಟ್ ರೋಡಿನ ಏರು ಅದರ ಸುಮಾರು ಮೂರು ಪಟ್ಟು ಉದ್ದ. ಹಾಗಾಗಿ ಒಂದೇ ಬೆಳಗಿನಲ್ಲಿ ಎರಡು ಸಲ, ಆಮೇಲೆ ಮೂರು ಸಲ ಹತ್ತಿ ಇಳಿಯುವ ಮಟ್ಟಕ್ಕೆ ನಿಧಾನವಾಗಿ ಬನ್ನಿ. ವೇಗ ಬೇಡ, ಮಾತಾಡುತ್ತ ಹತ್ತುವಂತಿರಬೇಕು.

ಕೊನೆಯ ಒಂದೆರಡು ವಾರಾಂತ್ಯ ಪ್ರವಾಸಕ್ಕೆ ಒಯ್ಯುವ ಪೂರ್ತಿ ಹೊರೆಯನ್ನು ಸೈಕಲ್‌ಗೆ ಕಟ್ಟಿಕೊಂಡೇ ಹೋಗಿ. ಖಾಲಿ ಸೈಕಲ್ ತಿರುಗುವ ರೀತಿಯೇ ಬೇರೆ, ಹೊರೆ ಹೊತ್ತ ಸೈಕಲ್ ತಿರುಗುವ ರೀತಿಯೇ ಬೇರೆ.

6. ತೂಕ ಸೈಕಲ್ ಹೊರಲಿ, ಬೆನ್ನು ಹೊರದಿರಲಿ

ಭಾರದ ಸಾಮಾನು — ಉಪಕರಣ, ಊಟ, ನೀರು — ಫ್ರೇಮಿನ ನಡುವಿನ ಚೀಲಕ್ಕೆ. ಹಗುರವಾದರೂ ಜಾಗ ತಿನ್ನುವ ಸ್ಲೀಪಿಂಗ್ ಬ್ಯಾಗ್ ಹ್ಯಾಂಡಲ್‌ಬಾರಿಗೆ. ಬೆನ್ನಿಗೆ ಮಳೆಕೋಟು, ತಿಂಡಿಯಂಥ ಆಗಾಗ ಬೇಕಾಗುವ ಹಗುರ ವಸ್ತುಗಳು ಮಾತ್ರ. ಸೀಟಿನ ಹಿಂದಿನ ಚೀಲ ಇಳಿಜಾರಿನಲ್ಲಿ ಹಿಂದಿನ ಚಕ್ರಕ್ಕೆ ತಾಗುತ್ತದೆಯೇ ಎಂದು ಸಸ್ಪೆನ್ಷನ್ ಪೂರ್ತಿ ಒತ್ತಿ ಮನೆಯಲ್ಲೇ ನೋಡಿ. ಸೀಟನ್ನು ತಗ್ಗಿಸುವ ಡ್ರಾಪರ್ ಪೋಸ್ಟ್ ಇದ್ದರೆ, ತಗ್ಗಿಸಿದ ಸ್ಥಿತಿಯಲ್ಲೂ ಒಮ್ಮೆ ನೋಡಿ. ಬಾಡಿಗೆ ಸೈಕಲ್ ಆದರೆ ನಿಮ್ಮ ಚೀಲಗಳು ಅದಕ್ಕೆ ಕೂರುತ್ತವೆಯೇ ಎಂದು ಅಂಗಡಿಗೆ ಮೊದಲೇ ಬರೆದು ಕೇಳಿ.

7. ಒಂದು ಜೊತೆ ಬಟ್ಟೆ ಹಟ್‌ಗೇ ಮೀಸಲು

ಉಣ್ಣೆಯ ಒಳಂಗಿ, ಉದ್ದ ಪ್ಯಾಂಟು, ಕಾಲುಚೀಲ, ಟೋಪಿ. ಇವನ್ನು ನೀರು ಹೋಗದ ಚೀಲದಲ್ಲಿ ಕಟ್ಟಿಡಿ. ದಾರಿಯಲ್ಲಿ ಎಷ್ಟೇ ಚಳಿಯಾದರೂ ತೆಗೆಯಬೇಡಿ. ಪಶ್ಚಿಮ ಕರಾವಳಿಯ ಮಳೆ ಮಲೆನಾಡಿನವರಿಗೆ ಹೊಸದೇನಲ್ಲ, ಆದರೆ ಸಾವಿರ ಮೀಟರ್ ಮೇಲೆ ಅದಕ್ಕೆ ಗಾಳಿ ಸೇರಿದರೆ ಬೇಸಿಗೆಯಲ್ಲೂ ಮೈ ನಡುಗುತ್ತದೆ. ಒದ್ದೆ ಬಟ್ಟೆಯಲ್ಲಿ ಸವಾರಿ ಮಾಡಬಹುದು, ಒದ್ದೆ ಬಟ್ಟೆಯಲ್ಲಿ ನಿದ್ದೆ ಬರುವುದಿಲ್ಲ. ಮರುದಿನ ಬೆಳಗ್ಗೆ ಹಿಂದಿನ ದಿನದ ಒದ್ದೆ ಬಟ್ಟೆಯನ್ನೇ ತೊಟ್ಟು ಹೊರಡಿ. ಮೊದಲ ಹತ್ತು ನಿಮಿಷ ಕಷ್ಟ, ಆಮೇಲೆ ಮೈ ಬಿಸಿಯಾಗುತ್ತದೆ.

8. ಊಟ: ಪರಿಚಯದ್ದನ್ನೇ ಒಯ್ಯಿರಿ

ಈ ಹಾದಿಯ ಹಟ್‌ಗಳಲ್ಲಿ ಗ್ಯಾಸ್ ಒಲೆ, ಪಾತ್ರೆ, ತಟ್ಟೆ-ಚಮಚ, ಹಾಸಿಗೆ, ನೀರು ಇರುತ್ತವೆ. ಸ್ಲೀಪಿಂಗ್ ಬ್ಯಾಗ್ ಮತ್ತು ಊಟ ನಿಮ್ಮದೇ. ಬೇರೆ ಹಾದಿಗಳಲ್ಲಿ ಪಾತ್ರೆ ಎಲ್ಲ ಕಡೆ ಇರುವುದಿಲ್ಲ. ಪಪರೋವಾದ ಹಟ್‌ಗಳಿಗೆ ನಿಮ್ಮ ಪಾತ್ರೆ ನೀವೇ ಒಯ್ಯಬೇಕು.

ಬಿಸಿನೀರು ಸುರಿದರೆ ಸಾಕಾಗುವ ಒಣ ಊಟದ ಪೊಟ್ಟಣಗಳು ಅಲ್ಲಿನ ಅಂಗಡಿಗಳಲ್ಲಿ ಸಿಗುತ್ತವೆ. ನನ್ನನ್ನು ಕೇಳಿದರೆ ನಮ್ಮ ತಿಂಡಿಗಳೇ ಈ ಕೆಲಸಕ್ಕೆ ಹೇಳಿ ಮಾಡಿಸಿದವು. ರಾತ್ರಿಗೆ ಹುರಿದಿಟ್ಟ ರವೆಯ ಉಪ್ಪಿಟ್ಟಿನ ಪುಡಿ, ಬೆಳಗ್ಗೆ ಅವಲಕ್ಕಿ, ದಾರಿಗೆ ಕಡಲೆಬೀಜದ ಚಿಕ್ಕಿ. ಹುರಿಹಿಟ್ಟಿಗೆ ಬೆಲ್ಲ ಬೆರೆಸಿ ಉಂಡೆ ಕಟ್ಟಿಕೊಂಡರೆ ಒಂದು ಕೈಯಲ್ಲಿ ತಿನ್ನಬಹುದು. ಹಸಿವಾಗುವ ಮೊದಲೇ, ಮುಕ್ಕಾಲು ಗಂಟೆಗೊಮ್ಮೆ ಏನಾದರೂ ಬಾಯಿಗೆ ಹಾಕಿ. ಒಂದು ಹೊತ್ತಿನ ಊಟ ಹೆಚ್ಚಿಗೆ ಇರಲಿ. ಹೊಳೆ ಉಕ್ಕಿದರೆ ಹಟ್‌ನಲ್ಲೇ ಇನ್ನೊಂದು ದಿನ ಕೂರಬೇಕಾದೀತು.

9. ಗಡಿಯಲ್ಲಿ ಎಲ್ಲವನ್ನೂ ಹೇಳಿ

ಭಾರತದಿಂದ ಹೋಗುವವರು ಇದನ್ನು ಎರಡು ಸಲ ಓದಿ. ನ್ಯೂಜಿಲೆಂಡ್ ಹೊರಗಿನ ಬೀಜ, ಮಣ್ಣು, ಕೀಟ ತನ್ನ ನೆಲಕ್ಕೆ ಬಾರದಂತೆ ಬಹಳ ಬಿಗಿಯಾಗಿ ಕಾಯುತ್ತದೆ. ಸೈಕಲ್, ಶೂ, ಟೆಂಟು, ತಿನ್ನುವ ವಸ್ತು, ಎಲ್ಲವನ್ನೂ ಆಗಮನದ ಘೋಷಣಾ ಪತ್ರದಲ್ಲಿ ಬರೆಯಲೇಬೇಕು. ಹೇಳದೆ ಒಯ್ದು ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ. ಹೇಳಿದರೆ ಹೆಚ್ಚೆಂದರೆ ಆ ವಸ್ತು ಹೋಗುತ್ತದೆ, ದಂಡವಿಲ್ಲ.

ಟಯರಿನ ಸಂದಿ, ಪೆಡಲ್, ಶೂ ಅಟ್ಟೆ, ಚೈನಿನ ಸುತ್ತ ಅಂಟಿದ ಕೆಸರು, ಎಲ್ಲವನ್ನೂ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ತೊಳೆದು, ಒಣಗಿಸಿ ಪೆಟ್ಟಿಗೆಗೆ ಹಾಕಿ. ಅವಲಕ್ಕಿ, ರವೆಯನ್ನು ಅಲ್ಲಿನ ದೊಡ್ಡ ಊರುಗಳ ಭಾರತೀಯ ಅಂಗಡಿಗಳಲ್ಲೇ ಕೊಂಡರೆ ತಲೆಬಿಸಿಯೇ ಇಲ್ಲ.

10. ರಿಪೇರಿ ಸಾಮಾನು: ನಡೆಯುವ ಪ್ರಸಂಗ ತಪ್ಪಿಸುವಷ್ಟು

ಈ ಹಾದಿಗೆ ನಡುವೆ ಎಲ್ಲೂ ಮೋಟಾರು ರಸ್ತೆ ಕೂಡುವುದಿಲ್ಲ. ಪ್ರವೇಶ ಒಂದು ತುದಿ, ನಿರ್ಗಮನ ಇನ್ನೊಂದು ತುದಿ. ಟ್ಯೂಬ್‌ಲೆಸ್ ಟಯರಿಗೆ ಪ್ಲಗ್, ಜೊತೆಗೆ ಒಂದು ಟ್ಯೂಬು, ಪಂಪು, ಚೈನ್ ಕತ್ತರಿಸುವ ಉಪಕರಣ, ಎರಡು ಚೈನ್ ಲಿಂಕು, ಮಲ್ಟಿಟೂಲ್, ಒಂದಷ್ಟು ಕೇಬಲ್ ಟೈ, ಗಟ್ಟಿ ಟೇಪು. ನಿಮ್ಮ ಸೈಕಲ್‌ಗೇ ಹೊಂದುವ ಡಿರೇಲರ್ ಹ್ಯಾಂಗರ್ ಒಂದು ಇರಲಿ. ಬೆರಳಿನಷ್ಟು ಗಾತ್ರದ ಆ ತುಂಡು ಮುರಿದರೆ ಗೇರೇ ಇಲ್ಲ. ಬ್ರೇಕ್ ಪ್ಯಾಡು ಒಂದು ಜೊತೆ ಹೆಚ್ಚಿಗೆ. ಮರಳು ಬೆರೆತ ನೀರಿನಲ್ಲಿ ಉದ್ದ ಇಳಿದರೆ ಬೇಗ ಸವೆಯುತ್ತದೆ. ಇವನ್ನೆಲ್ಲ ಬಳಸಲು ಗುಂಪಿನಲ್ಲಿ ಕನಿಷ್ಠ ಇಬ್ಬರಿಗೆ ಬರಬೇಕು.

11. ಫೋನ್ ನಂಬಬೇಡಿ

ಹಾದಿಯ ಹೆಚ್ಚಿನ ಭಾಗದಲ್ಲಿ ಸಿಗ್ನಲ್ ಇಲ್ಲ. ಪರ್ಸನಲ್ ಲೊಕೇಟರ್ ಬೀಕನ್ ಬಾಡಿಗೆಗೆ ಸಿಗುತ್ತದೆ. ಅಂಗೈ ಗಾತ್ರದ್ದು, ಗುಂಡಿ ಒತ್ತಿದರೆ ಉಪಗ್ರಹದ ಮೂಲಕ ರಕ್ಷಣಾ ಕೇಂದ್ರಕ್ಕೆ ನಿಮ್ಮ ಸ್ಥಳ ತಿಳಿಯುತ್ತದೆ. ಗುಂಪಿಗೆ ಒಂದಾದರೂ ಇರಲಿ. ಅದು ಸೈಕಲ್‌ನಲ್ಲಿ ಇರುವುದು ಬೇಡ, ಮೈಮೇಲೆ ಇರಲಿ. ಬಿದ್ದಾಗ ಸೈಕಲ್ ಒಂದು ಕಡೆ, ಸವಾರ ಇನ್ನೊಂದು ಕಡೆ ಆಗುವುದುಂಟು.

ನಿಮ್ಮ ಯೋಜನೆಯನ್ನು ಬರೆದು ಒಬ್ಬರ ಕೈಗೆ ಕೊಡಿ: ಯಾವ ಹಟ್, ಯಾರ್ಯಾರು, ಯಾವ ದಿನ ಎಷ್ಟು ಗಂಟೆಯೊಳಗೆ ಸುದ್ದಿ ಬರದಿದ್ದರೆ ಯಾರಿಗೆ ಕರೆ ಮಾಡಬೇಕು. ಆ ಒಬ್ಬರು ನ್ಯೂಜಿಲೆಂಡಿನಲ್ಲೇ ಇರುವವರಾದರೆ ಒಳ್ಳೆಯದು. ಅಲ್ಲಿನ ಬೇಸಿಗೆಯಲ್ಲಿ ಅವರ ಗಡಿಯಾರ ನಮಗಿಂತ ಏಳೂವರೆ ಗಂಟೆ ಮುಂದೆ. ಮೈಸೂರಿನಲ್ಲಿರುವ ಅಮ್ಮನಿಗೆ ವಿಷಯ ಗೊತ್ತಿರಲಿ, ಆದರೆ ಹೊಣೆ ಅವರ ಮೇಲೆ ಹಾಕಬೇಡಿ.

12. ಮೊದಲ ದಿನ ನಿಧಾನಿಗರು ಮುಂದೆ

ಎಲ್ಲರಿಗಿಂತ ನಿಧಾನವಾಗಿ ತುಳಿಯುವವರು ಮುಂದೆ ಹೋಗಲಿ, ರಿಪೇರಿ ಬಲ್ಲವರು ಕೊನೆಗೆ ಬರಲಿ. ಬಲಿಷ್ಠರು ಮುಂದೆ ಓಡಿ, ಕಾದು ನಿಂತು, ಹಿಂದಿನವರು ಬಂದು ಮುಟ್ಟಿದ ಕೂಡಲೇ ಮತ್ತೆ ಹೊರಟರೆ, ವಿಶ್ರಾಂತಿ ಬೇಕಾದವರಿಗೆ ವಿಶ್ರಾಂತಿಯೇ ಸಿಗುವುದಿಲ್ಲ. ಮೂರು-ನಾಲ್ಕು ಜನರ ಗುಂಪು ಹಿತ. ಚಾರಣಿಗರು ಎದುರಾದರೆ ಇಳಿದು ದಾರಿ ಬಿಡಿ. ತಿರುವಿನಲ್ಲಿ ಕೂಗಿ ಎಚ್ಚರಿಸಿ.

ಲಾಯೆಲ್‌ನಲ್ಲಿ ಹೊರಡುವ ಮುನ್ನ ಹೆಚ್ಚು ಹೊತ್ತು ನಿಲ್ಲಬೇಡಿ. ಸ್ಯಾಂಡ್‌ಫ್ಲೈ ಎಂಬ ಚಿಕ್ಕ ಕಪ್ಪು ನೊಣಗಳು ಕಚ್ಚುತ್ತವೆ, ತುರಿಕೆ ದಿನಗಟ್ಟಲೆ ಇರುತ್ತದೆ. ಅವುಗಳನ್ನು ದೂರವಿಡುವ ಮುಲಾಮು ಹಚ್ಚಿಕೊಂಡೇ ವಾಹನದಿಂದ ಇಳಿಯಿರಿ.

13. ಹಟ್‌ನಲ್ಲಿ ನೀವು ನೆಂಟರೂ ಹೌದು, ಮನೆಯವರೂ ಹೌದು

ಶೂ ಹೊರಗೇ ಬಿಡಿ, ಆದರೆ ಎತ್ತರಕ್ಕೆ ನೇತುಹಾಕಿ. ವೇಕಾ ಎಂಬ ಹಾರಲಾರದ ಹಕ್ಕಿ ಸಿಕ್ಕ ವಸ್ತುವನ್ನೆಲ್ಲ ಎತ್ತಿಕೊಂಡು ಪೊದೆಗೆ ಓಡುತ್ತದೆ. ಕೈಗವಸು, ಚಮಚ, ಯಾವುದೂ ಅದಕ್ಕೆ ಬೇಡವೆಂದಿಲ್ಲ. ಹಟ್ ಪುಸ್ತಕದಲ್ಲಿ ಹೆಸರು, ಮುಂದಿನ ಗುರಿ ಬರೆಯಿರಿ. ತಂಗದೆ ದಾಟಿಹೋಗುವ ಹಟ್‌ಗಳಲ್ಲೂ ಬರೆಯಿರಿ. ಹುಡುಕುವವರು ಮೊದಲು ನೋಡುವುದು ಆ ಪುಸ್ತಕವನ್ನೇ. ಹಟ್‌ಗಳಿಗೆ ಕರೆಂಟಿನ ಲೈನಿಲ್ಲ, ಪವರ್ ಬ್ಯಾಂಕ್ ಒಯ್ಯಿರಿ. ತಂದ ಕಸವೆಲ್ಲ ವಾಪಸ್ ನಿಮ್ಮ ಚೀಲಕ್ಕೆ.

ಎದುರು ದಿಕ್ಕಿನಿಂದ ಬಂದವರ ಜೊತೆ ಮಾತಾಡಿ. ಎಲ್ಲಿ ಮರ ಬಿದ್ದಿದೆ, ಎಲ್ಲಿ ನೀರು ಹರಿಯುತ್ತಿದೆ ಎಂಬ ಅಂದಿನ ಸುದ್ದಿ ಇರುವುದು ಅವರ ಬಳಿ ಮಾತ್ರ. ಚಹಾ ಮಾಡುವಾಗ ಎರಡು ಲೋಟ ಹೆಚ್ಚಿಗೆ ಮಾಡಿ, ಮಾತು ತಾನಾಗಿ ಬರುತ್ತದೆ. ಮಲಗುವ ಮುನ್ನ ಸೈಕಲ್‌ನ ಚೈನು ಒರೆಸಿ ಎಣ್ಣೆ ಬಿಡಿ, ಬ್ರೇಕು ನೋಡಿ, ಸಡಿಲವಾದ ಬೋಲ್ಟು ಬಿಗಿ ಮಾಡಿ. ಬೆಳಗಿನ ಚಳಿಯಲ್ಲಿ ಇದು ಯಾರಿಂದಲೂ ಆಗುವುದಿಲ್ಲ.

14. ಎರಡನೇ ದಿನಕ್ಕೆ ಗಡುವು ಬರೆದಿಟ್ಟುಕೊಳ್ಳಿ

ಘೋಸ್ಟ್ ಲೇಕ್ ಬಿಡುವುದು ಏಳೂವರೆಗೆ. ಸ್ಟರ್ನ್ ವ್ಯಾಲಿ ಹತ್ತಕ್ಕೆ. ಅಲ್ಲಿಂದ ಬೋನ್‌ಯಾರ್ಡ್ ಎಂಬ ಬಂಡೆಗಳ ಬಯಲು ಹಾಯ್ದು ಸಾಲೆಮ್ ಸ್ಯಾಡಲ್‌ಗೆ ಕೊನೆಯ ದೊಡ್ಡ ಏರು. ಮೋಕಿಹಿನುಯಿ ಫೋರ್ಕ್ಸ್ ಎಂಬ ಜಾಗ ಹನ್ನೆರಡೂವರೆಗೆ, ಸ್ಪೆಸಿಮನ್ ಪಾಯಿಂಟ್ ಎರಡಕ್ಕೆ, ಸೆಡನ್‌ವಿಲ್ ನಾಲ್ಕಕ್ಕೆ. ಇಳಿಯುವ ದಿನ ಎಂದು ಎಂಟೂವರೆವರೆಗೆ ಮಲಗಿದರೆ ಈ ಸರಪಣಿ ಪೂರ್ತಿ ಜಗ್ಗುತ್ತದೆ. ಸ್ಟರ್ನ್ ವ್ಯಾಲಿಗೆ ತಲುಪುವಾಗಲೇ ಹನ್ನೆರಡಾದರೆ ಫೋಟೋ ನಿಲ್ಲಿಸಿ. ಮಧ್ಯಾಹ್ನ ನಾಲ್ಕಾದರೂ ಸ್ಪೆಸಿಮನ್ ಪಾಯಿಂಟ್ ಕಾಣದಿದ್ದರೆ, ರಾತ್ರಿ ಆ ಹಟ್‌ನಲ್ಲೇ ಉಳಿಯುವ ಸಾಧ್ಯತೆಯನ್ನು ಗುಂಪು ಕೂತು ಮಾತಾಡಲಿ.

ಕೊನೆಯ 17 ಕಿ.ಮೀ. ನದಿಯ ಕಮರಿಯ ಅಂಚಿನಲ್ಲಿದೆ. ಏರು ಮುಗಿದಿದೆ, ಕಾಲು ದಣಿದಿದೆ, ಮನಸ್ಸು ಆಗಲೇ ಊಟದ ಮೇಜಿನಲ್ಲಿದೆ. ಗಮನ ತಪ್ಪುವುದು ಇಲ್ಲೇ. ಇಕ್ಕಟ್ಟಾದ ಕಡೆ ಇಳಿದು ತಳ್ಳಿ, ತೂಗುಸೇತುವೆಯಲ್ಲಿ ಒಬ್ಬೊಬ್ಬರಾಗಿ ದಾಟಿ. ನಿಮ್ಮ ಪಕ್ಕ ಹರಿಯುವ ಈ ನದಿಗೆ ಅಣೆಕಟ್ಟು ಕಟ್ಟುವ ಯೋಜನೆಯೊಂದಿತ್ತು. 2012ರಲ್ಲಿ ಅದನ್ನು ಕೈಬಿಟ್ಟರು. ಕಟ್ಟಿದ್ದರೆ ಈ ಕಮರಿ ನೀರಿನಡಿ ಹೋಗುತ್ತಿತ್ತು. ಒಂದು ಕಡೆ ನಿಂತು ನೋಡಿ, ನೋಡುವಾಗ ಮಾತ್ರ ಸೈಕಲ್ ನಿಲ್ಲಿಸಿ ನೋಡಿ.

15. ವಾಪಸ್ ವಾಹನ, ವಾಪಸ್ ಸುದ್ದಿ

ಹಾದಿಯ ಎರಡು ತುದಿಗಳ ನಡುವೆ ರಸ್ತೆಯಲ್ಲಿ ಬಹಳ ದೂರವಿದೆ. ನಿಮ್ಮ ಕಾರನ್ನು ಲಾಯೆಲ್‌ನಿಂದ ಸೆಡನ್‌ವಿಲ್‌ಗೆ ತಂದು ನಿಲ್ಲಿಸುವ ಶಟಲ್ ಸೇವೆಗಳಿವೆ. ಹಟ್ ಬುಕ್ ಮಾಡಿದ ದಿನವೇ ಅದನ್ನೂ ಗೊತ್ತು ಮಾಡಿ. ಕಾರಿನಲ್ಲಿ ಒಣ ಬಟ್ಟೆ, ನೀರು, ಏನಾದರೂ ಉಪ್ಪಿನ ತಿಂಡಿ ಬಿಟ್ಟಿರಿ. ಸೆಡನ್‌ವಿಲ್‌ನಲ್ಲಿ ಸಿಗ್ನಲ್ ನೆಚ್ಚಿಕೊಳ್ಳುವಂತಿಲ್ಲ, ಹಾಗಾಗಿ ಯೋಜನೆ ಯಾರ ಕೈಯಲ್ಲಿದೆಯೋ ಅವರಿಗೆ ಕೊಟ್ಟ ಗಡುವಿಗೆ ವೆಸ್ಟ್‌ಪೋರ್ಟ್ ತಲುಪುವ ಸಮಯವನ್ನೂ ಸೇರಿಸಿ. ಊರು ತಲುಪಿದ ಕೂಡಲೇ, ಊಟಕ್ಕೆ ಕೂರುವ ಮೊದಲು, ಎಲ್ಲರೂ ಹೊರಬಂದೆವು ಎಂದು ಸಂದೇಶ ಕಳುಹಿಸಿ.